ಹೊರದೇಶದ ಶುಕ್ರವಾರ, ಊರಿನ ಭಾನುವಾರ

ಶಿವಮೊಗ್ಗದಿಂದ ಭದ್ರಾವತಿಗೆ ಹೋಗುವ ಬಿ.ಎಚ್. ರಸ್ತೆಯಲ್ಲಿ ಮಾಚೇನಹಳ್ಳಿ ಸಿಗುತ್ತದೆ. ಹಾಲಿನ ಡೇರಿ, ಮೀಸಲು ಪೊಲೀಸ್ ಪಡೆಯ ಆವರಣ, ಕೈಗಾರಿಕಾ ಪ್ರದೇಶದ ಶೆಡ್ಡುಗಳು. ಬಸ್ಸಿನ ಕಿಟಕಿಯಿಂದ ಕಾಣುವುದು ಇಷ್ಟೇ. ಕಳೆದ ತಿಂಗಳು ಇಲ್ಲಿನ ಒಂದು ಮನೆಗೆ ನಾವು ಹೋಗಬೇಕಾದ ಸಂದರ್ಭ ಬಂದಿತು. ಉಕ್ಕಿನ ಕಾರ್ಖಾನೆಯಿಂದ ನಿವೃತ್ತರಾದ ಹಿರಿಯರು, ಅವರ ಪತ್ನಿ, ಮನೆಯಲ್ಲಿ ಇಬ್ಬರೇ. ಒಬ್ಬನೇ ಮಗ ಕುವೈತಿನಲ್ಲಿದ್ದಾನೆ. ನಡುಮನೆಯಲ್ಲಿ ಯೇಸುವಿನ ಪವಿತ್ರ ಹೃದಯದ ಪಟ, ಅದರ ಕೆಳಗೆ ಅಕ್ಕಪಕ್ಕದಲ್ಲಿ ಎರಡು ಗಡಿಯಾರ. ಒಂದು ನಮ್ಮ ಹೊತ್ತನ್ನು ತೋರಿಸುತ್ತಿತ್ತು. ಇನ್ನೊಂದು ಎರಡೂವರೆ ಗಂಟೆ ಹಿಂದೆ ಇತ್ತು. ಕೆಟ್ಟಿರಬಹುದೆಂದು ನಾವು ತಿಳಿದೆವು. "ಅಲ್ಲೀಗ ಎಷ್ಟು ಗಂಟೆ, ಅವನು ಊಟ ಮಾಡಿರ್ತಾನಾ ಅಂತ ಇವಳು ದಿನಕ್ಕೆ ಹತ್ತು ಸಲ ಕೇಳ್ತಾಳೆ ಸಾರ್. ಅದಕ್ಕೇ ಇನ್ನೊಂದನ್ನು ತಂದು ಹಾಕಿಬಿಟ್ಟೆ" ಎಂದು ಆ ಹಿರಿಯರು ನಕ್ಕರು. ಅವರ ಪತ್ನಿ ನಗಲಿಲ್ಲ.

ಮಾತು ಬೆಳೆದಂತೆ ಒಂದು ವಿಷಯ ಹೊರಬಂದಿತು. ಮಗ ಹೋದ ಮೊದಲ ವರ್ಷ ಫೋನಿನಲ್ಲಿ "ಚೆನ್ನಾಗಿದ್ದೀನಮ್ಮ" ಎಂಬುದಲ್ಲದೆ ಬೇರೇನನ್ನೂ ಹೇಳುತ್ತಿರಲಿಲ್ಲವಂತೆ. ರಜೆಗೆ ಬಂದಾಗಲಷ್ಟೇ ತಿಳಿಯಿತು: ಆರು ಮಂದಿಯ ಕೋಣೆಯಲ್ಲಿ ತನ್ನ ಭಾಷೆಯವರು ಒಬ್ಬರೂ ಇರಲಿಲ್ಲ, ಹತ್ತಿರದ ಚರ್ಚು ಎಲ್ಲಿದೆಯೆಂದು ಕೇಳಲು ಅವನಿಗೆ ಸಂಕೋಚವಾಗಿತ್ತು, ಆ ವರ್ಷದ ಕ್ರಿಸ್ತಜಯಂತಿಯ ರಾತ್ರಿ ಅವನು ಪಾಳಿಯ ಕೆಲಸ ಮುಗಿಸಿ ಬಂದು ಮಲಗಿದ್ದ. ಸಂಬಳ ಮಾತ್ರ ತಿಂಗಳು ತಿಂಗಳು ತಪ್ಪದೆ ಬರುತ್ತಿತ್ತು. ಸಂಬಳ ಬರುತ್ತಿರುವಾಗ ಊರಿನಲ್ಲಿ ಯಾರೂ ಹೆಚ್ಚು ಕೇಳುವುದಿಲ್ಲ. ನಾವೂ ಕೇಳಿರಲಿಲ್ಲ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು.

ಪರಸ್ಥಳಕ್ಕೆ ಹೋಗಿ ಬದುಕು ಕಟ್ಟುವುದು ನಮ್ಮ ಸೀಮೆಗೆ ಹೊಸದಲ್ಲ. ಭದ್ರಾವತಿಯೇ ಪರಸ್ಥಳದವರು ಕಟ್ಟಿದ ಊರು. ಬೆಂಕಿಪುರವೆಂದು ಕರೆಯುತ್ತಿದ್ದ ಈ ಊರಿನಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಮುಂದಾಳುತನದ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಆರಂಭಿಸಿತು. 1936ರಲ್ಲಿ ಮೈಸೂರು ಪೇಪರ್ ಮಿಲ್ಸ್ ಸ್ಥಾಪನೆಯಾಯಿತು. ಕುಲುಮೆಯ ಮುಂದೆ ನಿಲ್ಲಲು, ಬಿದಿರು ಇಳಿಸಲು, ಲೆಕ್ಕ ಬರೆಯಲು ತಮಿಳು ನಾಡಿನಿಂದ, ಆಂಧ್ರದಿಂದ, ಕೇರಳದಿಂದ, ಘಟ್ಟದ ಕೆಳಗಿನ ದಕ್ಷಿಣ ಕನ್ನಡದಿಂದ ಜನ ಬಂದರು. ಅವರಲ್ಲಿ ಕಥೋಲಿಕರೂ ಇದ್ದರು. ನಮ್ಮ ಧರ್ಮಕೇಂದ್ರಗಳ ಹಳೆಯ ದಾಖಲೆ ಪುಸ್ತಕಗಳಲ್ಲಿನ ಹೆಸರುಗಳನ್ನು ಓದುತ್ತ ಹೋದರೆ ಅರ್ಧ ದಕ್ಷಿಣ ಭಾರತದ ಪ್ರಯಾಣವೇ ಆಗುತ್ತದೆ. ಚಿಕ್ಕಮಗಳೂರಿನಿಂದ ಬೇರ್ಪಟ್ಟು ಶಿವಮೊಗ್ಗ ಧರ್ಮಪ್ರಾಂತ್ಯ ರೂಪುಗೊಂಡದ್ದು 1988ರಲ್ಲಿ. ಕೇರಳ ಮೂಲದ ಸಿರೋ-ಮಲಬಾರ್ ಕುಟುಂಬಗಳಿಗಾಗಿ 2007ರಲ್ಲಿ ಭದ್ರಾವತಿಯ ಹೆಸರಿನಲ್ಲೇ ಮತ್ತೊಂದು ಧರ್ಮಪ್ರಾಂತ್ಯ ಸ್ಥಾಪನೆಯಾಯಿತು. ವಲಸೆ ಬಂದವರ ಎರಡನೆಯ, ಮೂರನೆಯ ತಲೆಮಾರು ಈ ಮಣ್ಣಿನಲ್ಲಿ ಎಷ್ಟು ಗಟ್ಟಿಯಾಗಿ ಬೇರೂರಿತು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಆದರೆ ಜನರನ್ನು ಕರೆತಂದ ಕಾರ್ಖಾನೆಗಳೇ ಸೊರಗಿದವು. ಕಳೆದ ದಶಕದಲ್ಲಿ ಕಾಗದದ ಕಾರ್ಖಾನೆಯ ಯಂತ್ರಗಳು ನಿಂತವು. 2023ರ ಆರಂಭದಲ್ಲಿ ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ ಹೊರಬಿದ್ದಾಗ ಗುತ್ತಿಗೆ ಕಾರ್ಮಿಕರು ಬೀದಿಗಿಳಿದರು. ಅಜ್ಜ ಬಂದದ್ದು ರೈಲಿನಲ್ಲಿ, ಮೊಮ್ಮಗ ಹೊರಟದ್ದು ವಿಮಾನದಲ್ಲಿ. ವ್ಯತ್ಯಾಸ ಅಷ್ಟೇ ಎಂದು ಕೆಲವರು ಹೇಳುತ್ತಾರೆ. ನಾವು ಒಪ್ಪುವುದಿಲ್ಲ. ಅಜ್ಜ ಬಂದ ಊರಿನಲ್ಲಿ ಮನೆ ಕಟ್ಟಬಹುದಿತ್ತು, ಹೆಂಡತಿಯನ್ನು ಕರೆತರಬಹುದಿತ್ತು, ಗೋರಿಯೂ ಇಲ್ಲಿಯೇ ಎಂದು ನಿಶ್ಚಯಿಸಬಹುದಿತ್ತು. ಕೊಲ್ಲಿಗೆ ಹೋದ ಮೊಮ್ಮಗನ ವಾಸ ಅವನ ಕೆಲಸದ ಪರವಾನಗಿಗೆ ಗಂಟುಬಿದ್ದಿರುತ್ತದೆ. ಕೆಲಸ ಹೋದರೆ ದೇಶವೂ ಹೋದಂತೆ. ಇಪ್ಪತ್ತು ವರ್ಷ ಇದ್ದರೂ ಅವನು ಅಲ್ಲಿ ಅತಿಥಿಯೇ.

ಇಂಥ ಬದುಕಿನಲ್ಲಿ ಮನುಷ್ಯನಿಗೆ ಆಸರೆ ಯಾವುದು? ಗೋವೆಯ ಕಥೋಲಿಕರು ಹತ್ತೊಂಬತ್ತನೆಯ ಶತಮಾನದಲ್ಲೇ ಇದಕ್ಕೊಂದು ಉತ್ತರ ಕಂಡುಕೊಂಡಿದ್ದರು. ಹಡಗಿನ ಕೆಲಸ ಹುಡುಕಿಕೊಂಡು ಮುಂಬಯಿಗೆ ಬಂದವರಿಗಾಗಿ ಧೋಬಿ ತಲಾವ್ ಸುತ್ತಮುತ್ತ ಒಂದೊಂದು ಹಳ್ಳಿಯವರು ಒಂದೊಂದು 'ಕೂಡ್' ಎಂಬ ವಸತಿಯನ್ನು ನಡೆಸಿದರು. ಅಗ್ಗದ ಬಾಡಿಗೆ, ಪೆಟ್ಟಿಗೆಯಿಡಲು ಗೋಡೆಯ ಬದಿಯಲ್ಲಿ ಒಂದಿಷ್ಟು ಜಾಗ, ಒಂದು ಪುಟ್ಟ ಪೀಠ, ಸಂಜೆ ಎಲ್ಲರೂ ಸೇರಿ ಹೇಳಬೇಕಾದ ಜಪಸರ. ಹಳ್ಳಿಯ ಹುಡುಗ ಬೋರಿಬಂದರಿನಲ್ಲಿ ಇಳಿದಾಗ ಯಾವ ಬಾಗಿಲು ತಟ್ಟಬೇಕೆಂಬುದು ಅವನಿಗೆ ಮೊದಲೇ ಗೊತ್ತಿರುತ್ತಿತ್ತು.

ಅರಬ್ಬೀ ನಾಡುಗಳಲ್ಲಿಯೂ ಬಾಗಿಲುಗಳಿಲ್ಲವೆಂದಲ್ಲ. ಬಹರೈನಿನ ದೊರೆ ಕೊಟ್ಟ ನೆಲದಲ್ಲಿ ಸೇಕ್ರೆಡ್ ಹಾರ್ಟ್ ಚರ್ಚು 1939ರಲ್ಲೇ ಎದ್ದಿತು. ಕುವೈತಿನ ಪವಿತ್ರ ಕುಟುಂಬದ ಪ್ರಧಾನಾಲಯ 1961ರದು, ದುಬೈಯ ಸಂತ ಮೇರಿ ದೇವಾಲಯ 1967ರದು. ಕತಾರಿನ ದೋಹಾದಲ್ಲಿ ಮೊದಲ ದೇವಾಲಯ ತೆರೆದದ್ದು 2008ರಲ್ಲಿ. ಜಗದ್ಗುರು ಫ್ರಾನ್ಸಿಸರು 2019ರ ಫೆಬ್ರವರಿಯಲ್ಲಿ ಅಬುಧಾಬಿಯ ಕ್ರೀಡಾಂಗಣದಲ್ಲಿ ಬಲಿಪೂಜೆ ಅರ್ಪಿಸಿದಾಗ ಲಕ್ಷಕ್ಕೂ ಮಿಗಿಲಾದ ಜನ ಸೇರಿದ್ದರು, ಅವರಲ್ಲಿ ಬಹುಪಾಲು ದುಡಿಯಲು ಬಂದ ಏಷ್ಯಾದವರೇ. ಕುವೈತಿನಲ್ಲಿ ವಾರದ ರಜೆ ಶುಕ್ರವಾರವಾದ್ದರಿಂದ ದೇವಾಲಯ ತುಂಬಿ ತುಳುಕುವುದು ಅಂದೇ. ಸಂಯುಕ್ತ ಅರಬ್ ಸಂಸ್ಥಾನವು 2022ರಿಂದ ಶನಿವಾರ, ಭಾನುವಾರಗಳನ್ನು ರಜೆಯ ದಿನಗಳನ್ನಾಗಿ ಮಾಡಿಕೊಂಡಿದೆ. ಸೌದಿ ಅರೇಬಿಯಾದಲ್ಲಿ ಮಾತ್ರ ಇಂದಿಗೂ ಒಂದೇ ಒಂದು ದೇವಾಲಯವಿಲ್ಲ. ಅಲ್ಲಿರುವ ನಮ್ಮವರು ಬಾಗಿಲು ಮುಚ್ಚಿ ಮೆಲುದನಿಯಲ್ಲಿ ಪ್ರಾರ್ಥಿಸುತ್ತಾರೆ.

ಇಲ್ಲಿ ಭದ್ರಾವತಿಯ ಮಕ್ಕಳಿಗೆ ಒಂದು ವಿಚಿತ್ರ ತೊಡಕು ಎದುರಾಗುತ್ತದೆ. ಹೊರದೇಶದ ದೇವಾಲಯಗಳಲ್ಲಿ ಜನ ಭಾಷೆಭಾಷೆಯಾಗಿ ಸೇರುತ್ತಾರೆ. ಕೊಂಕಣಿಯವರ ಪೂಜೆ, ಮಲಯಾಳಿಗಳ ಪೂಜೆ, ತಮಿಳರ ಪೂಜೆ, ಫಿಲಿಪ್ಪೀನಿನವರ ಪೂಜೆ, ಹೀಗೆ. ನಮ್ಮ ಹುಡುಗ ಯಾವ ಸಾಲಿಗೆ ಸೇರಬೇಕು? ಮನೆಯಲ್ಲಿ ಅವನು ಆಡುವುದು ತಮಿಳು, ಆದರೆ ತಮಿಳು ಓದಲು ಬಾರದು. ಇಲ್ಲವೇ ಆಡುವುದು ಕೊಂಕಣಿ, ಆದರೆ ಮಂಗಳೂರಿನವರ ಹಾಡುಗಳು ಅವನಿಗೆ ಅಪರಿಚಿತ. ಎರಡನೆಯ ವ್ಯಾಟಿಕನ್ ಮಹಾಸಭೆಯ ತರುವಾಯ ಲತೀನ್ ಸರಿದು ಕನ್ನಡ ಬಂದ ಪೀಠದ ಮುಂದೆ ಅವನು ಬೆಳೆದವನು. 'ಪರಲೋಕದಲ್ಲಿರುವ' ಎಂದಾಗಲೇ ಅವನ ಕೈಗಳು ತಾವಾಗಿ ಜೋಡಿಸಿಕೊಳ್ಳುವುದು. ನಾಲ್ಕು ಮಾತೃಭಾಷೆಗಳ ಮಕ್ಕಳನ್ನು ಒಂದೇ ಕನ್ನಡದ ಬೆಂಚಿನಲ್ಲಿ ಕೂರಿಸಿ ಧರ್ಮೋಪದೇಶ ಕಲಿಸಿದ್ದು ನಮ್ಮ ಊರಿನ ಹೆಮ್ಮೆ. ಅದೇ ಹೆಮ್ಮೆ ಅಲ್ಲಿ ಅವನನ್ನು ಇಂಗ್ಲಿಷ್ ಪೂಜೆಯ ಕೊನೆಯ ಸಾಲಿನಲ್ಲಿ ಒಂಟಿಯಾಗಿ ನಿಲ್ಲಿಸುತ್ತದೆ.

ಮಾಚೇನಹಳ್ಳಿಯ ಆ ಹುಡುಗನನ್ನು ಒಂಟಿತನದಿಂದ ಹೊರತಂದವರು ಯಾರೆಂದು ತಿಳಿದರೆ ಕೆಲವರಿಗೆ ಅಚ್ಚರಿಯಾದೀತು. ಅಂಗಡಿಯೊಂದರಲ್ಲಿ ಅವನು ತಾಯಿಯೊಡನೆ ಫೋನಿನಲ್ಲಿ ಕನ್ನಡ ಮಾತನಾಡುತ್ತಿದ್ದುದನ್ನು ಕೇಳಿಸಿಕೊಂಡ ಸಾಗರದ ಕಡೆಯ ಮುಸ್ಲಿಂ ಗೃಹಸ್ಥರೊಬ್ಬರು "ಯಾವೂರಪ್ಪಾ ನಿಂದು?" ಎಂದರಂತೆ. ಅವರು ಅವನನ್ನು ಕನ್ನಡಿಗರ ರಾಜ್ಯೋತ್ಸವಕ್ಕೆ ಕರೆದೊಯ್ದರು. ಅಲ್ಲಿ ಭೇಟಿಯಾದ ಉಡುಪಿಯ ಕೊಂಕಣಿ ಕುಟುಂಬವೊಂದು ಮುಂದಿನ ಶುಕ್ರವಾರ ಕಾರಿನಲ್ಲಿ ಬಂದು ಅವನನ್ನು ಪೂಜೆಗೆ ಕರೆದುಕೊಂಡು ಹೋಯಿತು. ದೇವಾಲಯದ ದಾರಿ ಅವನಿಗೆ ಕನ್ನಡ ಸಂಘದ ಮೂಲಕ ಸಿಕ್ಕಿತು! ಸೆಪ್ಟೆಂಬರ್ 8ರ ಮಾತೆ ಮರಿಯಮ್ಮನವರ ಜನನೋತ್ಸವಕ್ಕೆ ಈಗ ಅವನೂ ಮಕ್ಕಳ ಕೈಗೆ ಹೂ ಹಂಚುವ ಗುಂಪಿನಲ್ಲಿದ್ದಾನೆ. ಊರಿನಲ್ಲಿ ಹೊಸ ತೆನೆ ಗದ್ದೆಯಿಂದ ಬರುತ್ತದೆ. ಮರಳುಗಾಡಿನಲ್ಲಿ ಯಾರಾದರೂ ರಜೆ ಮುಗಿಸಿ ಬರುವಾಗ ಪೆಟ್ಟಿಗೆಯಲ್ಲಿ ತರಬೇಕು. ನಾಲ್ಕು ತೆನೆ ಬಂದರೂ ಅದನ್ನೇ ಆಶೀರ್ವದಿಸಿ, ಬಿಡಿಸಿದ ಒಂದೊಂದು ಕಾಳನ್ನು ಪಾಯಸದ ಪಾತ್ರೆಗೆ ಹಾಕುತ್ತಾರಂತೆ.

ಹೊರನಾಡಿನಲ್ಲಿ ಸಂಘಗಳೆಂದರೆ ಹಾರ ತುರಾಯಿ, ಭಾಷಣ, ಪದಾಧಿಕಾರಿಗಳ ಜಗಳ ಎಂದು ಹಗುರವಾಗಿ ಮಾತನಾಡುವವರಿದ್ದಾರೆ. ಜಗಳಗಳಿರುವುದು ಸುಳ್ಳಲ್ಲ. ಆದರೆ 1990ರ ಆಗಸ್ಟ್ 2ರಂದು ಇರಾಕಿನ ಸೇನೆ ಕುವೈತಿಗೆ ನುಗ್ಗಿದಾಗ ಅಲ್ಲಿನ ಭಾರತೀಯರನ್ನು ಉಳಿಸಿದ ಕೈಗಳಲ್ಲಿ ಇಂಥ ಸಂಘಗಳಲ್ಲಿ ಪಳಗಿದ ಕೈಗಳೂ ಇದ್ದವು. ಹೆಸರು ಪಟ್ಟಿ ಮಾಡಿದವರು, ಶಾಲೆಯ ಕಟ್ಟಡಗಳಲ್ಲಿ ಅಡುಗೆ ಮಾಡಿ ಬಡಿಸಿದವರು, ಬಸ್ಸುಗಳನ್ನು ಗೊತ್ತುಮಾಡಿದವರು ಆ ಸಾಮಾನ್ಯರೇ. ಜೋರ್ಡಾನಿನ ಅಮ್ಮಾನ್ ತಲುಪಿದವರನ್ನು ಏರ್ ಇಂಡಿಯಾ ಮೊದಲಾದ ವಿಮಾನಗಳು ಎರಡು ತಿಂಗಳ ಕಾಲ ಮುಂಬಯಿಗೆ ಹೊತ್ತು ತಂದವು. 1,70,000ಕ್ಕೂ ಹೆಚ್ಚು ಮಂದಿ ಹೀಗೆ ತಾಯ್ನಾಡು ಸೇರಿದರು. ಯಾರ ಪರಿಚಯವೂ ಇಲ್ಲದ, ಯಾವ ಪಟ್ಟಿಯಲ್ಲೂ ಹೆಸರಿಲ್ಲದ ಒಂಟಿ ಕಾರ್ಮಿಕನಿಗೆ ಅಂಥ ದಿನಗಳಲ್ಲಿ ಬಸ್ಸು ಹೊರಡುವ ಸುದ್ದಿಯೇ ಮುಟ್ಟುವುದಿಲ್ಲ.

ಅಂಥವರು ಇಂದಿಗೂ ಇದ್ದಾರೆ. ಎಂಜಿನಿಯರ್, ದಾದಿ, ಲೆಕ್ಕಿಗ, ಇವರಿಗೆ ಹೇಗೋ ದಾರಿ ಸಿಗುತ್ತದೆ. ಮನೆಗೆಲಸಕ್ಕೆ ಹೋದ ಹೆಣ್ಣುಮಗಳ ಪಾಡೇನು? ಕುವೈತಿನ 2015ರ ಕಾಯಿದೆ ಮನೆಗೆಲಸದವರಿಗೆ ವಾರಕ್ಕೊಂದು ರಜೆ ಸಲ್ಲಬೇಕೆಂದಿದೆ. ಯಜಮಾನಿ ಬಾಗಿಲು ತೆರೆದರಲ್ಲವೇ ಆ ರಜೆ? 2024ರ ಜೂನ್ 12ರಂದು ಕುವೈತಿನ ಮಂಗಾಫಿನಲ್ಲಿ ಕಾರ್ಮಿಕರ ವಸತಿ ಕಟ್ಟಡಕ್ಕೆ ಬೆಂಕಿ ಬಿದ್ದು 40ಕ್ಕೂ ಹೆಚ್ಚು ಭಾರತೀಯರು ಅಸುನೀಗಿದರು. ಆ ಮುಂಜಾನೆ ನಮ್ಮಲ್ಲಿ ಎಷ್ಟು ಮನೆಗಳ ಫೋನುಗಳು ಉತ್ತರವಿಲ್ಲದೆ ರಿಂಗಣಿಸಿದವೋ. ನಮ್ಮ ಧರ್ಮಕೇಂದ್ರದಿಂದ ಯಾರು ಯಾರು ಕುವೈತಿನಲ್ಲಿದ್ದಾರೆ, ಯಾವ ಭಾಗದಲ್ಲಿದ್ದಾರೆ ಎಂದು ಅಂದು ಯಾರಾದರೂ ಕೇಳಿದ್ದರೆ ಕೊಡಲು ನಮ್ಮ ಬಳಿ ಒಂದು ಹಾಳೆಯೂ ಇರಲಿಲ್ಲ.

ಹನ್ನೆರಡನೆಯ ಭಕ್ತಿನಾಥರು 1952ರಲ್ಲಿ ವಲಸಿಗರ ಕುರಿತು ಹೊರಡಿಸಿದ ಆಜ್ಞಾಪತ್ರ ಈಜಿಪ್ಟಿಗೆ ಓಡಿಹೋದ ಪವಿತ್ರ ಕುಟುಂಬದ ನೆನಪಿನಿಂದಲೇ ಆರಂಭವಾಗುತ್ತದೆ. ವ್ಯಾಟಿಕನ್ 2004ರಲ್ಲಿ ಪ್ರಕಟಿಸಿದ ಇನ್ನೊಂದು ಪತ್ರ, ಬರಮಾಡಿಕೊಳ್ಳುವ ಧರ್ಮಸಭೆಗೆ ಎಷ್ಟು ಹೊಣೆಯಿದೆಯೋ ಕಳುಹಿಸಿಕೊಡುವ ಧರ್ಮಸಭೆಗೂ ಅಷ್ಟೇ ಹೊಣೆಯಿದೆ ಎಂಬ ಭಾವವನ್ನು ಮುಂದಿಡುತ್ತದೆ. ನಾವು ಕಳುಹಿಸುವವರು. ಮಗನಿಗೆ ವೀಸಾ ಬಂದರೆ ಉಪಕಾರಸ್ಮರಣೆಯ ಪೂಜೆ ಹೇಳಿಸುತ್ತೇವೆ, ಅಲ್ಲಿಗೆ ನಮ್ಮ ಹೊಣೆ ತೀರಿತೆಂದು ತಿಳಿಯುತ್ತೇವೆ. ಆ ಪೂಜೆಯ ದಿನವೇ ಗುರುಗಳು ಒಂದು ಕಾಗದ ಬರೆದುಕೊಟ್ಟರೆ, ಇಂಥ ಊರಿನ ಇಂಥವನು ಬರುತ್ತಿದ್ದಾನೆ, ಕಂಡು ಮಾತನಾಡಿಸಿ ಎಂದು ಅಲ್ಲಿನ ಗುರುಗಳಿಗೆ ತಿಳಿಸಿದರೆ, ಎಷ್ಟು ತಿಂಗಳ ಒಂಟಿತನ ತಪ್ಪೀತು! ಜ್ಞಾನಸ್ನಾನದ ಪ್ರಮಾಣಪತ್ರವೂ ಜೊತೆಯಲ್ಲಿರಲಿ. ಮುಂದೆ ಅಲ್ಲೇ ಮದುವೆಯ ಮಾತು ಬಂದಾಗ ಅದಕ್ಕಾಗಿ ಪರದಾಡುವವರನ್ನು ನಾವು ಕಂಡಿದ್ದೇವೆ. ಪಾಸ್‌ಪೋರ್ಟು ನೌಕರನ ಬಳಿಯೇ ಇರಬೇಕು, ಮಾಲೀಕ ಅದನ್ನು ಇಟ್ಟುಕೊಳ್ಳುವಂತಿಲ್ಲ ಎಂಬುದನ್ನೂ, ರಾಯಭಾರ ಕಚೇರಿಯ ವಿಳಾಸವನ್ನೂ ಹೊರಡುವ ಮುನ್ನವೇ ಹೇಳಿಕೊಡಲು ಯುವಜನ ಸಂಘದವರಿಗೆ ಒಂದು ಸಂಜೆ ಸಾಕು. ಮನೆಮನೆಯಿಂದ ಹೊರಗಿರುವವರ ಹೆಸರು, ದೇಶ, ಫೋನ್ ಸಂಖ್ಯೆ ಬರೆದಿಡಲು ಒಂದು ನೋಟುಪುಸ್ತಕ ಸಾಕು. ಇದಕ್ಕೆ ಮೇಲಿನಿಂದ ಸುತ್ತೋಲೆ ಬರಲೆಂದು ಕಾಯಬೇಕಾಗಿಲ್ಲ.

ಇಷ್ಟು ಬರೆದ ಮೇಲೆ ಇನ್ನೊಂದು ಮಾತನ್ನು ಹೇಳದೆ ಬಿಟ್ಟರೆ ಅಪ್ರಾಮಾಣಿಕರಾಗುತ್ತೇವೆ. ಆ ಹಿರಿಯರ ಮನೆಯಿಂದ ಹೊರಟು ಬಸ್ಸಿಗೆ ಕಾಯುತ್ತಿದ್ದಾಗ ಕಾರ್ಖಾನೆಯೊಂದರ ಪಾಳಿ ಬಿಟ್ಟಿತು. ಹೊರಬಂದವರಲ್ಲಿ ಕನ್ನಡ ಬಾರದ ಹುಡುಗರು ಬಹಳ. ಹಿಂದಿ, ಅದಕ್ಕೂ ಆಚೆಗಿನ ನಮಗೆ ತಿಳಿಯದ ಮಾತು. ಒಬ್ಬ ತರುಣನ ಕೊರಳಿನಲ್ಲಿ ಕಪ್ಪು ದಾರದ ಜಪಸರವಿತ್ತು. ಇವನ ಮುಖವನ್ನು ಎಲ್ಲೋ ಕಂಡಿದ್ದೇವಲ್ಲ ಎನಿಸಿತು. ನೆನಪಾಯಿತು: ಭಾನುವಾರದ ಪೂಜೆಯಲ್ಲಿ ಕೊನೆಯ ಕಂಬದ ಬಳಿ ನಿಲ್ಲುವವನು, ಪರಮಪ್ರಸಾದ ಸ್ವೀಕರಿಸಿ ಮುಕ್ತಾಯದ ಹಾಡಿಗೆ ಮೊದಲೇ ಹೊರಟುಹೋಗುವವನು. ಎಷ್ಟು ಭಾನುವಾರಗಳಿಂದ ಹಾಗೆ ಬರುತ್ತಿದ್ದಾನೋ.

ನಮ್ಮ ಹರಕು ಹಿಂದಿಯಲ್ಲಿ ಊರು ಯಾವುದೆಂದು ಕೇಳಿದೆವು. ಜಾರ್ಖಂಡಿನ ಗುಮ್ಲಾ ಎಂದ. ಬಂದು ಎಷ್ಟು ದಿನವಾಯಿತೆಂದರೆ ಹದಿನಾಲ್ಕು ತಿಂಗಳು ಎಂದ. ಜೇಬಿನಲ್ಲಿ ಬಸ್ ಟಿಕೇಟು ಬಿಟ್ಟರೆ ಬೇರೆ ಕಾಗದವಿರಲಿಲ್ಲ. ಅದರ ಹಿಂಬದಿಯಲ್ಲೇ ಅವನ ಹೆಸರನ್ನೂ ಫೋನ್ ಸಂಖ್ಯೆಯನ್ನೂ ಬರೆದುಕೊಂಡೆವು.