ಸರ್ವೆ ನಂಬರಿಗೂ ಬೆಲೆ ಕಟ್ಟುವ ಬೆಳೆ

ವೈನ್ ವ್ಯಾಪಾರದಲ್ಲಿ ಹೆಚ್ಚಿನ ಬೆಲೆಗೆ ಮಾರಾಟವಾಗುವ ಕೆಂಪು ವೈನುಗಳಲ್ಲಿ ಬಹಳಷ್ಟು ಎರಡು ಗುಣಗಳನ್ನು ಹೇಳಿಕೊಳ್ಳುತ್ತವೆ. ಒಂದು, ದ್ರಾಕ್ಷಿ ಬೆಳೆದದ್ದು ತಂಪು ಹವೆಯಲ್ಲಿ. ಎರಡು, ಅದಷ್ಟೂ ಬಂದದ್ದು ಒಂದೇ ತೋಟದಿಂದ. ಕಂದಾಯ ಇಲಾಖೆಯ ಭಾಷೆಯಲ್ಲಿ ಹೇಳುವುದಾದರೆ ಅದು ಒಂದು ಸರ್ವೆ ನಂಬರಿನ ವೈನ್. ಫ್ರಾನ್ಸಿನ ಬರ್ಗಂಡಿಯಲ್ಲಿ ಇಂತಹ ಸಾವಿರಕ್ಕೂ ಹೆಚ್ಚು ತುಂಡು ಭೂಮಿಗಳಿಗೆ ಶತಮಾನಗಳಿಂದ ಹೆಸರು, ಗಡಿ, ದರ್ಜೆಗಳಿವೆ. ಯುನೆಸ್ಕೊ ಅವುಗಳನ್ನು 2015ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಅಲ್ಲಿನ ಕ್ಲೋ ದ ವೂಜೊ ಎಂಬ ಸುಮಾರು 50 ಹೆಕ್ಟೇರ್ ತೋಟಕ್ಕೆ ಎಂಬತ್ತರಷ್ಟು ಒಡೆಯರಿದ್ದಾರೆ. ಹಿಡುವಳಿ ಹರಿದು ಹಂಚಿಹೋದದ್ದೇ ನಮ್ಮ ಕೃಷಿಯ ಮೂಲರೋಗವೆಂದು ವಾದಿಸುವವರು ಈ ಉದಾಹರಣೆಯನ್ನು ಒಮ್ಮೆ ಗಮನಿಸಬೇಕು.

ವಿಜಯಪುರ ಜಿಲ್ಲೆ ಕರ್ನಾಟಕದ ದ್ರಾಕ್ಷಿಯ ಕಣಜ. ಇಂಡಿ, ಬಸವನ ಬಾಗೇವಾಡಿಗಳಲ್ಲಿ ಅದು ದಶಕಗಳಿಂದ ಬೇರೂರಿದ ಬೆಳೆ. ಸಿಂದಗಿ, ಮುದ್ದೇಬಿಹಾಳಗಳಲ್ಲಿ ವಿರಳ. ಆದರೆ ಇಲ್ಲಿನ ದ್ರಾಕ್ಷಿಗೆ ಊರಿನ ಹೆಸರೂ ಇಲ್ಲ, ತೋಟದ ಹೆಸರೂ ಇಲ್ಲ. ಬಹುಪಾಲು ಥಾಮ್ಸನ್ ಸೀಡ್‌ಲೆಸ್ ಮತ್ತು ಅದರ ಸಂಬಂಧಿ ತಳಿಗಳ ಹಣ್ಣು ಒಣದ್ರಾಕ್ಷಿಯಾಗಿ, ಗಣನೀಯ ಪ್ರಮಾಣದಲ್ಲಿ ಗಡಿಯಾಚೆಯ ತಾಸಗಾಂವ್, ಸಾಂಗ್ಲಿ ಪೇಟೆಗಳಿಗೆ ಹೋಗುತ್ತದೆ. ಅಲ್ಲಿ ಬಣ್ಣ ಮತ್ತು ಗಾತ್ರ ನೋಡಿ ದರ ನಿಗದಿಯಾಗುತ್ತದೆ. ಯಾವ ಮಣ್ಣಿನದು ಎಂದು ಯಾರೂ ಕೇಳುವುದಿಲ್ಲ.

ಈ ಜಿಲ್ಲೆಯಿಂದ ಒಂದೇ ತೋಟದ ಕೆಂಪು ವೈನ್ ಸಾಧ್ಯವೇ ಎಂಬ ಪ್ರಶ್ನೆಗೆ ಉತ್ತರಿಸುವ ಮುನ್ನ ಅದು ತಯಾರಾಗುವ ಕ್ರಮವನ್ನು ತಿಳಿಯಬೇಕು. ಕೆಂಪು ವೈನಿನ ಬಣ್ಣ ಇರುವುದು ಹಣ್ಣಿನ ರಸದಲ್ಲಲ್ಲ, ಸಿಪ್ಪೆಯಲ್ಲಿ. ಆದ್ದರಿಂದ ತೊಟ್ಟು ಬಿಡಿಸಿದ ಹಣ್ಣನ್ನು ಒಡೆದು, ರಸವನ್ನು ಸಿಪ್ಪೆ ಬೀಜಗಳ ಜೊತೆಯಲ್ಲೇ ಹುದುಗಲು ಬಿಡುತ್ತಾರೆ. ಯೀಸ್ಟ್ ಸಕ್ಕರೆಯನ್ನು ಮದ್ಯಸಾರವಾಗಿ ಪರಿವರ್ತಿಸುವಾಗ ಮೇಲೇಳುವ ಸಿಪ್ಪೆಯ ಪದರವನ್ನು ದಿನಕ್ಕೆ ಹಲವು ಬಾರಿ ಕೆಳಗೆ ಒತ್ತುತ್ತಾರೆ, ಇಲ್ಲವೇ ತಳದ ರಸವನ್ನು ಎತ್ತಿ ಅದರ ಮೇಲೆ ಸುರಿಯುತ್ತಾರೆ. ತಾಪಮಾನ 30 ಡಿಗ್ರಿ ಮೀರದಂತೆ ನೋಡಿಕೊಳ್ಳುತ್ತಾರೆ. ವಾರವೋ ಎರಡು ವಾರವೋ ಕಳೆದ ನಂತರ ಹಿಂಡಿ, ಬ್ಯಾಕ್ಟೀರಿಯಾಗಳ ನೆರವಿನಿಂದ ತೀಕ್ಷ್ಣವಾದ ಮ್ಯಾಲಿಕ್ ಆಮ್ಲವು ಸೌಮ್ಯವಾದ ಲ್ಯಾಕ್ಟಿಕ್ ಆಮ್ಲವಾಗಲು ಬಿಟ್ಟು, 225 ಲೀಟರಿನ ಓಕ್ ಪೀಪಾಯಿಗಳಲ್ಲಿ ವರ್ಷ, ಒಂದೂವರೆ ವರ್ಷ ಇಡುತ್ತಾರೆ. ಒಂದೇ ತೋಟದ ವೈನಾದರೆ ಆ ಹಣ್ಣಿಗೆ ಪ್ರತ್ಯೇಕ ತೊಟ್ಟಿ, ಪ್ರತ್ಯೇಕ ಪೀಪಾಯಿ, ಪ್ರತ್ಯೇಕ ದಾಖಲೆ ಬೇಕು. ಬೇರೆ ತೋಟದ ಹಣ್ಣು ಬೆರೆಸಿ ಕೊರತೆ ತುಂಬಿಕೊಳ್ಳುವ ಅವಕಾಶ ಅಲ್ಲಿಲ್ಲ.

ತಂಪು ಹವೆಯ ಮಹತ್ವವಿರುವುದು ಆಮ್ಲದಲ್ಲಿ. ಬೆಳೆಯ ಋತುವಿನ ಸರಾಸರಿ ತಾಪಮಾನ ಸುಮಾರು 13ರಿಂದ 15 ಡಿಗ್ರಿ ಇರುವ ಟಾಸ್ಮೇನಿಯಾದಂತಹ ಪ್ರದೇಶಗಳಲ್ಲಿ ಹಣ್ಣು ನಿಧಾನವಾಗಿ ಮಾಗುತ್ತದೆ. ಸಕ್ಕರೆ ಏರುವಷ್ಟರಲ್ಲಿ ಆಮ್ಲ ಕರಗಿಹೋಗುವುದಿಲ್ಲ. ಶಿರಾಜ್ ತಳಿಯಲ್ಲಿ ಕಾಳುಮೆಣಸಿನ ವಾಸನೆ ಕೊಡುವ ರೋಟಂಡೋನ್ ಎಂಬ ವಸ್ತುವನ್ನು ಆಸ್ಟ್ರೇಲಿಯಾದ ಸಂಶೋಧಕರು 2008ರಲ್ಲಿ ಪ್ರಕಟಪಡಿಸಿದರು. ಅದು ತಂಪು ತೋಟಗಳ ಹಣ್ಣಿನಲ್ಲಿಯೇ ಹೆಚ್ಚು. ವಿಜಯಪುರದಲ್ಲಿ ಪರಿಸ್ಥಿತಿ ಇದಕ್ಕೆ ತದ್ವಿರುದ್ಧ. ಇಲ್ಲಿ ಬಳ್ಳಿಗೆ ಚಳಿಗಾಲದ ನಿದ್ರೆಯೇ ಇಲ್ಲ. ಏಪ್ರಿಲ್‌ನಲ್ಲೊಮ್ಮೆ, ಅಕ್ಟೋಬರ್ ಆಸುಪಾಸಿನಲ್ಲೊಮ್ಮೆ ಚಾಟ್ನಿ ಮಾಡಿ, ಬಳ್ಳಿಯನ್ನು ಬಲವಂತವಾಗಿ ಚಿಗುರಿಸಬೇಕು. ಹಣ್ಣು ಮಾಗುವುದು ಬಿಸಿಲೇರುವ ಫೆಬ್ರುವರಿ, ಮಾರ್ಚ್‌ಗಳಲ್ಲಿ. ಆಗ ಸಕ್ಕರೆ ಓಡುತ್ತದೆ, ಆಮ್ಲ ಕುಸಿಯುತ್ತದೆ. ನಸುಕಿನಲ್ಲೇ ಕೊಯ್ದು, ಹಣ್ಣನ್ನು ತಣಿಸಿ, ಟಾರ್ಟಾರಿಕ್ ಆಮ್ಲ ಬೆರೆಸಿ ತಕ್ಕಮಟ್ಟಿಗೆ ಸರಿದೂಗಿಸಬಹುದು. ಆದರೆ ಅದನ್ನು ತಂಪು ಹವೆಯ ವೈನ್ ಎಂದು ಕರೆಯಲಾಗದು. ಸುಮಾರು 900 ಮೀಟರ್ ಎತ್ತರದ ನಂದಿ ಬೆಟ್ಟದ ಸೆರಗಿನಲ್ಲಿ ಗ್ರೋವರ್ ಕುಟುಂಬ 1988ರಲ್ಲಿ ಆರಂಭಿಸಿದ ಉದ್ಯಮಕ್ಕೆ ದೊರೆತ ಅನುಕೂಲ ಸುಮಾರು 600 ಮೀಟರಿನ ಬಯಲಿಗೆ ದೊರೆಯದು.

ಹವೆ ಕೈಯಲ್ಲಿಲ್ಲ, ನಿಜ. ತೋಟದ ಹೆಸರು ಕೈಯಲ್ಲಿದೆ. ಹಂಪಿ ಸೀಮೆಯ ಬಿಸಿಲಿನಲ್ಲಿಯೇ ಕೃಸ್ಮಾ ಎಸ್ಟೇಟ್ಸ್ ತನ್ನದೇ ತೋಟದ ಹಣ್ಣಿನಿಂದ ಕೆಂಪು ವೈನ್ ಮಾಡಿ ಹೆಸರು ಗಳಿಸಿದೆ. ಸೊಲ್ಲಾಪುರ ಜಿಲ್ಲೆಯ ಅಕಲೂಜಿನಲ್ಲಿ ಫ್ರಾಟೆಲ್ಲಿ ಸಂಸ್ಥೆಯೂ ಸ್ವಂತ ತೋಟಗಳನ್ನೇ ನೆಚ್ಚಿಕೊಂಡಿದೆ. ಮಣ್ಣಿನ ವೈವಿಧ್ಯದಲ್ಲಿ ನಮ್ಮ ನಾಲ್ಕು ತಾಲ್ಲೂಕುಗಳು ಬಡವೇನಲ್ಲ. ಡೋಣಿ ದಂಡೆಯ ಆಳವಾದ ಎರೆಭೂಮಿ ಬಿಳಿಜೋಳಕ್ಕೆ ಶ್ರೇಷ್ಠ. ನೀರು ಹಿಡಿದಿಡುವ ಆ ಮಣ್ಣು ವೈನ್ ದ್ರಾಕ್ಷಿಗೆ ಒಗ್ಗದು. ಅದಕ್ಕೆ ಬೇಕಾದದ್ದು ನೀರು ಬಸಿದುಹೋಗುವ, ತೆಳು ಮಣ್ಣಿನ ಮಡ್ಡಿ. 2018ರ ಪುನರ್ವಿಂಗಡಣೆಗೆ ಮುನ್ನ ಮುದ್ದೇಬಿಹಾಳ ತಾಲ್ಲೂಕಿಗೇ ಸೇರಿದ್ದ ತಾಳಿಕೋಟೆಯ ಸುತ್ತ ಸುಣ್ಣಕಲ್ಲಿನ ನೆಲವಿದೆ. ಬರ್ಗಂಡಿಯ ನೆಲವೂ ಸುಣ್ಣಕಲ್ಲಿನದೇ. ಇಷ್ಟರಿಂದಲೇ ತಾಳಿಕೋಟೆ ಬರ್ಗಂಡಿಯಾಗುವುದಿಲ್ಲವಾದರೂ ಪರೀಕ್ಷಿಸಿ ನೋಡಲು ಇದು ಸಾಕಷ್ಟು ಕಾರಣ.

ರಾಜ್ಯ ಸರ್ಕಾರ 2007ರಲ್ಲಿ ದ್ರಾಕ್ಷಿ ಸಂಸ್ಕರಣೆ ಮತ್ತು ದ್ರಾಕ್ಷಾರಸ ನೀತಿಯನ್ನು ಜಾರಿಗೆ ತಂದು, ಮಂಡಳಿಯನ್ನು ಸ್ಥಾಪಿಸಿ, ನಂದಿ ಕಣಿವೆ, ಕೃಷ್ಣಾ ಕಣಿವೆ ಎಂದು ವಲಯಗಳನ್ನು ಗುರುತಿಸಿತು. ಉದ್ದೇಶ ಶ್ಲಾಘನೀಯ. ಆದರೆ ಇಂತಹ ನೀತಿಗಳು ಅಳೆಯುವುದು ಘಟಕಗಳ ಸಂಖ್ಯೆಯನ್ನು, ಲೀಟರ್‌ಗಳನ್ನು, ಎಕರೆಗಳನ್ನು. ಕೃಷ್ಣಾ ಕಣಿವೆ ಎಂಬ ಹೆಸರಿನಲ್ಲಿ ವಿಜಯಪುರ, ಬಾಗಲಕೋಟೆ, ಬೆಳಗಾವಿ ಎಲ್ಲವೂ ಸೇರಿಹೋದವು. ಎಲ್ಲರಿಗೂ ಸೇರಿದ ಹೆಸರಿಗೆ ಯಾರೂ ಹೆಚ್ಚಿನ ಬೆಲೆ ಕೊಡುವುದಿಲ್ಲ.

ರೈತನ ಲೆಕ್ಕವನ್ನೂ ನೋಡೋಣ. ಒಣದ್ರಾಕ್ಷಿಯ ತೋಟ ಎಕರೆಗೆ 10–12 ಟನ್ ಹಣ್ಣು ಕೊಡಬಲ್ಲದು. ನಾಲ್ಕು ಕಿಲೊ ಹಣ್ಣಿಗೆ ಸರಿಸುಮಾರು ಒಂದು ಕಿಲೊ ಒಣದ್ರಾಕ್ಷಿ. ಒಳ್ಳೆಯ ವೈನ್ ದ್ರಾಕ್ಷಿಯ ಇಳುವರಿಯನ್ನು ಬೇಕೆಂದೇ ಐದು ಟನ್ನಿನ ಆಸುಪಾಸಿಗೆ ಇಳಿಸಬೇಕು. ಅಂದರೆ ಕಿಲೊಗೆ ಎರಡು ಪಟ್ಟಿಗಿಂತ ಹೆಚ್ಚಿನ ದರ ಸಿಕ್ಕಿದರೆ ಮಾತ್ರ ಆದಾಯ ಸಮನಾಗುತ್ತದೆ. ಅದೇ ಐದು ಟನ್ನಿನಿಂದ ಸುಮಾರು 4,000 ಸೀಸೆ ವೈನ್ ಆಗುತ್ತದೆ. ಲಾಭವಿರುವುದು ಸೀಸೆಯಲ್ಲಿ, ಹಣ್ಣಿನಲ್ಲಲ್ಲ. ಸೀಸೆಯ ಹಂತ ಮುಟ್ಟಲು ಎರಡು ವರ್ಷ ಬಂಡವಾಳ ಕಟ್ಟಿಹಾಕಬೇಕು, ಅಬಕಾರಿ ಪರವಾನಗಿ ಬೇಕು. ಬರದ ವರ್ಷ ಟ್ಯಾಂಕರ್ ನೀರು ಕೊಂಡು ಬಳ್ಳಿ ಉಳಿಸಿಕೊಳ್ಳುವ ಇಂಡಿಯ ರೈತನಿಂದ ಇದು ಒಂಟಿಯಾಗಿ ಆಗುವ ಕೆಲಸವಲ್ಲ.

ಮಹಾರಾಷ್ಟ್ರದ ಅನುಭವ ಕಣ್ಣ ಮುಂದಿದೆ. 2001ರ ನೀತಿಯ ಬಳಿಕ ನಾಸಿಕ್ ಸುತ್ತ ವೈನ್ ಘಟಕಗಳು ನಾಯಿಕೊಡೆಗಳಂತೆ ಎದ್ದವು. 2008ರ ಆರ್ಥಿಕ ಹಿಂಜರಿತ ಮತ್ತು ಮುಂಬೈ ದಾಳಿಯ ನಂತರ ಬೇಡಿಕೆ ಕುಸಿದಾಗ ಹಲವು ಘಟಕಗಳು ನಿಂತುಹೋದವು. ವೈನ್ ದ್ರಾಕ್ಷಿ ತಿನ್ನುವ ಹಣ್ಣಾಗಿಯೂ ಬಿಕರಿಯಾಗದು, ಒಳ್ಳೆಯ ಒಣದ್ರಾಕ್ಷಿಯೂ ಆಗದು. ಅನೇಕ ರೈತರು ಬಳ್ಳಿಯನ್ನೇ ಕಿತ್ತರು. ಈಗ ಸ್ಪರ್ಧೆ ಇನ್ನೂ ಬಿಗಿಯಾಗಿದೆ. 2022ರ ಡಿಸೆಂಬರ್‌ನಲ್ಲಿ ಜಾರಿಗೆ ಬಂದ ಒಪ್ಪಂದದಂತೆ, ಸೀಸೆಗೆ 15 ಡಾಲರ್‌ಗಿಂತ ಹೆಚ್ಚಿನ ಬೆಲೆಯ ಆಸ್ಟ್ರೇಲಿಯಾ ವೈನಿನ ಮೇಲಿನ ಸುಂಕ ಶೇ 150ರಿಂದ 75ಕ್ಕೆ ಇಳಿದು, ಹತ್ತು ವರ್ಷಗಳಲ್ಲಿ ಶೇ 25ಕ್ಕೆ ಬರಲಿದೆ. ತಂಪು ಹವೆಯ ಹೆಸರುಳ್ಳ ಸೀಸೆಗಳಿಗೆ ತೆರೆದಿರುವುದು ಇದೇ ಬಾಗಿಲು.

ಆದ್ದರಿಂದ ಈ ನಾಲ್ಕು ತಾಲ್ಲೂಕುಗಳಲ್ಲಿ ವೈನ್ ದ್ರಾಕ್ಷಿಯ ವಿಸ್ತೀರ್ಣ ಹೆಚ್ಚಿಸುವ ಯಾವುದೇ ಗುರಿಯನ್ನು ನಾನು ಬೆಂಬಲಿಸಲಾರೆ. ಮದ್ಯದ ವರಮಾನವನ್ನು ನೆಚ್ಚಿಕೊಂಡ ಸರ್ಕಾರ, ಬಸವಣ್ಣನವರ ಜನ್ಮಸ್ಥಳದ ತಾಲ್ಲೂಕಿನಲ್ಲಿ ಅಂತಹ ಗುರಿ ಹಾಕುವುದು ಬೇರೆ ಕಾರಣಗಳಿಗೂ ಇರಿಸುಮುರಿಸಿನ ಸಂಗತಿ. ಬೇಕಿರುವುದು ಹತ್ತಿಪ್ಪತ್ತು ಪ್ರಾಯೋಗಿಕ ತುಂಡುಗಳು: ಮಡ್ಡಿಯ ಮೇಲೆ, ಸುಣ್ಣಕಲ್ಲಿನ ಮೇಲೆ, ರೈತರ ಉತ್ಪಾದಕ ಕಂಪನಿಗಳ ಒಡೆತನದಲ್ಲಿ, ನಷ್ಟದ ಹೊಣೆ ಮಂಡಳಿಯದಾಗಿ. ಪ್ರತಿ ತುಂಡಿನ ಹಣ್ಣನ್ನೂ ಪ್ರತ್ಯೇಕವಾಗಿ ಹುದುಗಿಸಿ, ಸಕ್ಕರೆ, ಆಮ್ಲ, ಇಳುವರಿಗಳನ್ನು ಪಹಣಿಯಂತೆ ವರ್ಷವರ್ಷವೂ ದಾಖಲಿಸಬೇಕು. ಭೂದಾಖಲೆಗಳನ್ನು ಗಣಕೀಕರಿಸಿದ 'ಭೂಮಿ'ಯ ರಾಜ್ಯಕ್ಕೆ ಇದು ಅಸಾಧ್ಯವಲ್ಲ.

ಇದೇ ದಾಖಲಾತಿ ಒಣದ್ರಾಕ್ಷಿಗೂ ಬೇಕು, ಅದೂ ಮೊದಲು. ರೈತನೇ ಮಾರುವ ಒಣದ್ರಾಕ್ಷಿಗೆ ತೆರಿಗೆಯಿಲ್ಲವೆಂದು ಜಿಎಸ್‌ಟಿ ಮಂಡಳಿ 2024ರ ಡಿಸೆಂಬರ್‌ನಲ್ಲಿ ಸ್ಪಷ್ಟಪಡಿಸಿದ್ದು ಒಂದು ಅಡ್ಡಿಯನ್ನು ನಿವಾರಿಸಿದೆ. ಇಂಡಿಯ ನಿಂಬೆ ತನ್ನ ಊರಿನ ಹೆಸರಿನಲ್ಲೇ ಭೌಗೋಳಿಕ ಸೂಚಕವನ್ನು ಪಡೆದಿದೆ. ಪಕ್ಕದ ಹೊಲದ ದ್ರಾಕ್ಷಿ ಮಾತ್ರ ಇನ್ನೊಂದು ರಾಜ್ಯದ ಪೇಟೆಯ ಹೆಸರಿನಲ್ಲಿ ಗಿರಾಕಿಯ ಮನೆ ಸೇರುತ್ತಿದೆ. ವಿಜಯಪುರದಲ್ಲೇ ಶೀತಲಗೃಹಗಳನ್ನು ಕಟ್ಟಿ, ಪೆಟ್ಟಿಗೆಯ ಮೇಲೆ ಊರು ಮತ್ತು ತೋಟದ ಹೆಸರನ್ನು ಮುದ್ರಿಸಲು ಯಾವ ಓಕ್ ಪೀಪಾಯಿಯೂ ಬೇಕಿಲ್ಲ, ಅಬಕಾರಿ ಪರವಾನಗಿಯೂ ಬೇಕಿಲ್ಲ.