ನಾಯಕಿಗೆ ಹತ್ತು ಸಾವಿರ ನಾಣ್ಯ

ಟೆಂಪಲ್ ರನ್ ಆಟವನ್ನು ಫೋನಿಗೆ ಹಾಕಿಕೊಂಡವರೆಲ್ಲ ಮೊದಲು ಓಡಿಸುವುದು ಗೈ ಡೇಂಜರಸ್ ಎಂಬ ಗಂಡಸನ್ನು. 2011ರಲ್ಲಿ ಬಂದ ಈ ಆಟದಲ್ಲಿ ಸ್ಕಾರ್ಲೆಟ್ ಫಾಕ್ಸ್ ಎಂಬ ಹೆಣ್ಣೂ ಇದ್ದಾಳೆ. ಅವಳು ಬೇಕೆಂದರೆ ಮಾತ್ರ ಆಡಿ ಆಡಿ 10,000 ನಾಣ್ಯ ಕೂಡಿಹಾಕಬೇಕು. ಮರುವರ್ಷ ಬಂದ ಸಬ್‌ವೇ ಸರ್ಫರ್ಸ್‌ನದೂ ಅದೇ ಕ್ರಮ. ಜೇಕ್ ಎಂಬ ಹುಡುಗ ಆಟ ತೆರೆದ ಕೂಡಲೇ ಸಿಗುತ್ತಾನೆ, ಟ್ರಿಕಿ ಎಂಬ ಹುಡುಗಿ ಸಿಗಬೇಕಾದರೆ ಬೆವರು ಸುರಿಸಬೇಕು. ಹಿಟ್ನಾಳದ ಹೆದ್ದಾರಿ ಬದಿಯ ಚಹಾದಂಗಡಿಯಲ್ಲಿ ಫೋನ್ ಹಿಡಿದು ಕೂತ ಹುಡುಗನಿಗೂ ಅಮೆರಿಕದ ಹುಡುಗಿಗೂ ಆಟ ಹೇಳಿಕೊಡುವುದು ಒಂದೇ ಪಾಠ: ಗಂಡು ಪುಕ್ಕಟೆ, ಹೆಣ್ಣು ಹೆಚ್ಚುವರಿ.

ಇದು ಬರೀ ಅನುಮಾನವಲ್ಲ. 2015ರಲ್ಲಿ ಅಮೆರಿಕದ 12 ವರ್ಷದ ಹುಡುಗಿಯೊಬ್ಬಳು ಇಂಥ 50 ಓಟದ ಆಟಗಳನ್ನು ತಾನೇ ಪರೀಕ್ಷಿಸಿ ವಾಷಿಂಗ್ಟನ್ ಪೋಸ್ಟ್ ಪತ್ರಿಕೆಗೆ ಬರೆದಳು. ಗಂಡೋ ಹೆಣ್ಣೋ ಎಂದು ಗುರುತು ಸಿಗುವ ಆಟಗಳ ಪೈಕಿ ಶೇ. 98ರಲ್ಲಿ ಹುಡುಗನ ಪಾತ್ರವಿತ್ತು, ಹುಡುಗಿಯ ಪಾತ್ರವಿದ್ದದ್ದು ಶೇ. 46ರಲ್ಲಿ. ಹುಡುಗನನ್ನು ಉಚಿತವಾಗಿ ಕೊಡುವ ಆಟಗಳು ಶೇ. 90, ಹುಡುಗಿಯನ್ನು ಉಚಿತವಾಗಿ ಕೊಡುವವು ಶೇ. 15.

ಇದಕ್ಕೆ ಆಟ ತಯಾರಿಸುವವರು ಕೊಡುತ್ತ ಬಂದ ಮೊದಲ ಸಬೂಬು ಮಾರುಕಟ್ಟೆಯದು. ಆಡುವವರು ಹುಡುಗರು, ಅವರಿಗೆ ಹೆಣ್ಣಿನ ಪಾತ್ರ ಒಗ್ಗದು ಎಂಬುದು. 1996ರ ಟೂಂಬ್ ರೈಡರ್ ಈ ಮಾತನ್ನು ಅಂದೇ ಸುಳ್ಳು ಮಾಡಿತು. ಅದರ ನಾಯಕಿ ಲಾರಾ ಕ್ರಾಫ್ಟ್‌ಳನ್ನು ಲಕ್ಷಾಂತರ ಹುಡುಗರು ಯಾವ ಮುಜುಗರವೂ ಇಲ್ಲದೆ ಆಡಿಸಿದರು. ನಮ್ಮ ಸೀಮೆಯವರಿಗಂತೂ ಈ ಸಬೂಬು ನಗು ತರಿಸಬೇಕು. ದೊಡ್ಡಾಟದಲ್ಲಿ ಮೀಸೆ ಬೋಳಿಸಿಕೊಂಡ ಗಂಡಸು ದ್ರೌಪದಿಯಾಗಿ ಅತ್ತರೆ ಊರೇ ಕಣ್ಣೊರೆಸಿಕೊಂಡಿದೆ. ಇನ್ನೊಬ್ಬರ ಪಾತ್ರದೊಳಗೆ ಹೊಕ್ಕು ನೋಡುವುದೇ ಆಟದ ಸುಖ ಎಂದು ಬಲ್ಲ ಜನ ನಾವು.

ಎರಡನೆಯದು ಖರ್ಚಿನ ಸಬೂಬು. 2014ರಲ್ಲಿ ಅಸ್ಯಾಸಿನ್ಸ್ ಕ್ರೀಡ್ ಯೂನಿಟಿ ಎಂಬ ಆಟದಲ್ಲಿ ಆಡಲು ಹೆಣ್ಣಿನ ಪಾತ್ರ ಏಕಿಲ್ಲ ಎಂದು ಕೇಳಿದಾಗ, ಹೆಣ್ಣಿನ ಚಲನೆಗಳನ್ನು ಬೇರೆಯಾಗಿ ರೂಪಿಸಬೇಕು, ಕೆಲಸ ದುಪ್ಪಟ್ಟಾಗುತ್ತದೆ ಎಂಬ ಉತ್ತರ ಯೂಬಿಸಾಫ್ಟ್ ಕಂಪನಿಯವರಿಂದ ಬಂತು. ಆ ಆಟದ ಕಥೆ ನಡೆಯುವುದು ಫ್ರೆಂಚ್ ಕ್ರಾಂತಿಯ ಕಾಲದಲ್ಲಿ. ಅದೇ ಕ್ರಾಂತಿಯಲ್ಲಿ, 1793ರಲ್ಲಿ, ಮರಾ ಎಂಬ ನಾಯಕನನ್ನು ಇರಿದು ಕೊಂದವಳು ಶಾರ್ಲಟ್ ಕೋರ್ಡೆ ಎಂಬ ಹೆಂಗಸು! ನಾಲ್ಕು ವರ್ಷ ಕಳೆಯುವಷ್ಟರಲ್ಲಿ ಅದೇ ಕಂಪನಿ ಒಡಿಸ್ಸಿ ಎಂಬ ಆಟದಲ್ಲಿ ಕಸ್ಸಾಂಡ್ರಾಳನ್ನು ನಾಯಕಿಯಾಗಿ ಆರಿಸಿಕೊಳ್ಳುವ ಅವಕಾಶ ಕೊಟ್ಟಿತು. ಅಂದಮೇಲೆ ಕೊರತೆಯಿದ್ದದ್ದು ಮನಸ್ಸಿನದು, ಹಣದ್ದಲ್ಲ.

ಹಾಗೆಂದು ಹೆಣ್ಣಿನ ಪಾತ್ರ ಒಂದು ಇದ್ದರೆ ಸಾಕೇ? ಸಾಲದು. 1986ರ ಮೆಟ್ರಾಯ್ಡ್ ಆಟದಲ್ಲಿ ಕವಚ ತೊಟ್ಟು ಹೋರಾಡುವ ಸ್ಯಾಮಸ್ ಹೆಣ್ಣು ಎಂಬುದು ಕೊನೆಗೆ ಗೊತ್ತಾಗುತ್ತದೆ. ಅದನ್ನು ದೊಡ್ಡ ಹೆಜ್ಜೆ ಎಂದು ಈಗಲೂ ಹೊಗಳುತ್ತಾರೆ. ಆದರೆ ಆಟವನ್ನು ಎಷ್ಟು ಬೇಗ ಮುಗಿಸುತ್ತೀರೋ ಅಷ್ಟು ಕಡಿಮೆ ಬಟ್ಟೆಯಲ್ಲಿ ಅವಳು ಕಾಣಿಸಿಕೊಳ್ಳುತ್ತಾಳೆ. ಆಟ ಪೂರ್ತಿ ವೀರೆಯಾಗಿದ್ದವಳು ಕಡೆಗೆ ಗೆದ್ದವನ ಬಹುಮಾನವಾಗುತ್ತಾಳೆ. ಲಾರಾಳ ಮೈಕಟ್ಟನ್ನೂ ಮೊದಲು ಜಾಹೀರಾತಿಗೆ ಬಳಸಿಕೊಂಡರು, 2013ರ ಹೊಸ ಆಟದಲ್ಲಿ ಅದನ್ನು ತಿದ್ದಿದರು. ನೋಡಲು ನಿಲ್ಲಿಸಿದ ಹೆಣ್ಣು ಬೇರೆ, ಕಥೆಯನ್ನು ಮುಂದಕ್ಕೆ ಎಳೆಯುವ ಹೆಣ್ಣು ಬೇರೆ. ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್ 2020ರಲ್ಲಿ ತಂದ ರಾಜಿ ಎಂಬ ಆಟದ ನಾಯಕಿ ಎರಡನೆಯ ಬಗೆಯವಳು. ಅಲ್ಲಿ ಅಕ್ಕನೇ ತಮ್ಮನನ್ನು ಹುಡುಕಿಕೊಂಡು ಅಸುರರ ಮೇಲೆ ಹೋಗುತ್ತಾಳೆ.

ಇನ್ನೂ ಒಂದು ಪ್ರಶ್ನೆ ಉಳಿಯುತ್ತದೆ: ಆಡಿಸುವ ಕೈ ಯಾರದು? ಹಿಟ್ನಾಳವಿರುವ ಕೊಪ್ಪಳ ತಾಲ್ಲೂಕಿನದೇ ಊರು ಮೋರನಾಳ. ಅಲ್ಲಿನ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ, 96ನೇ ವಯಸ್ಸಿನಲ್ಲಿ, ಪದ್ಮಶ್ರೀ ಬಂತು. ರಾಮಾಯಣ, ಮಹಾಭಾರತದ ತೊಗಲುಗೊಂಬೆಗಳನ್ನು ಜೀವಮಾನವಿಡೀ ಆಡಿಸುತ್ತ ಬಂದವರು ಅವರು. ದೀಪದ ಬೆಳಕಿಗೆ ಪರದೆಯ ಮೇಲೆ ಮೂಡುವುದು ರಾಮ, ರಾವಣರ ನೆರಳು. ಹಿಂದೆ ಕಡ್ಡಿ ಹಿಡಿದದ್ದು ಒಬ್ಬ ಹೆಣ್ಣುಮಗಳು. ಜನ ಇದು ಹೆಂಗಸಿನ ಆಟವೆಂದು ಎದ್ದು ಹೋಗಲಿಲ್ಲ. ಭೀಮವ್ವ ಪರದೆಯ ಮೇಲೆ ಸೀತೆಯಾಗಿ ಕಾಣಿಸಿಕೊಂಡದ್ದಕ್ಕಲ್ಲ, ಇಡೀ ಕಥೆಯನ್ನು ತಮ್ಮ ಕೈಯಲ್ಲಿ ಹಿಡಿದು ನಡೆಸಿದ್ದಕ್ಕೆ ದೇಶ ಅವರನ್ನು ಗೌರವಿಸಿತು.

ಫೋನಿನ ಆಟದಲ್ಲಿ ಈ ಲೆಕ್ಕ ತಿರುಗುಮುರುಗಾಗಿದೆ. ಬಿಜಿಎಂಐ ಎಂಬ ಆಟದಲ್ಲಿ ಶುರುವಿನಲ್ಲೇ ಗಂಡು ಅಥವಾ ಹೆಣ್ಣು ಎಂದು ಆರಿಸಿಕೊಳ್ಳಬಹುದು. ಪರದೆಯ ಮೇಲೆ ಸಮಾನತೆ ಬಂದಂತೆ ಕಾಣುತ್ತದೆ. ಆದರೆ ಆಡುವವಳು ನಿಜವಾದ ಹುಡುಗಿಯಾದರೆ ಬೈಗುಳಕ್ಕೆ ಅಂಜಿ ಮೈಕ್ ಬಂದ್ ಮಾಡಿಕೊಳ್ಳಬೇಕು, ಇಲ್ಲವೇ ಗಂಡು ಹೆಸರು ಇಟ್ಟುಕೊಳ್ಳಬೇಕು. ಮನೆಯಲ್ಲೂ ಸಂಜೆ ಫೋನ್ ತಮ್ಮನ ಕೈಗೆ, ಕಸಬರಿಗೆ ಅಕ್ಕನ ಕೈಗೆ. ಹೆಣ್ಣಿನ ಚಿತ್ರಕ್ಕೆ ಸಿಕ್ಕ ಜಾಗ ಹೆಣ್ಣುಮಗಳಿಗೆ ಸಿಗದಿದ್ದರೆ ಅದು ಅರ್ಧ ನ್ಯಾಯ.

ಆಟ ಮಾಡುವ ಕಂಪನಿಗಳು ನಾಯಕಿಗೆ ಬೆಲೆ ಕಟ್ಟುವುದನ್ನು ಬಿಟ್ಟು ಅವಳನ್ನು ನಾಯಕನ ಜೊತೆಗೇ ಮೊದಲ ಸಾಲಿನಲ್ಲಿ ನಿಲ್ಲಿಸಲಿ. ತಂದೆತಾಯಿಗಳು ಮಗನಿಗೆ ಕೊಡುವಷ್ಟೇ ಹೊತ್ತು ಮಗಳಿಗೂ ಫೋನ್ ಕೊಡಲಿ. ಮೊದಲನೆಯದು ಆಗಲು ವರ್ಷಗಳು ಹಿಡಿಯಬಹುದು. ಎರಡನೆಯದಕ್ಕೆ ಯಾವ ಕಂಪನಿಯ ಅಪ್ಪಣೆಯೂ ಬೇಕಿಲ್ಲ.