ಶಾಪವನ್ನು ಅರಿತವರಾರು?

ಕಾಳಿದಾಸನ ಶಾಕುಂತಲವನ್ನು ಓದಿ ಮುಗಿಸಿದ ಮನೆಗಳಲ್ಲಿ ಒಂದು ವಾದವು ಹುಟ್ಟದೆ ಇರುವುದು ಅಪೂರ್ವ. “ದುಷ್ಯಂತನ ತಪ್ಪೇನು? ದುರ್ವಾಸರ ಶಾಪವಿತ್ತು, ಮರೆತನು” ಎಂದು ಒಬ್ಬರು ಹೇಳುವರು. “ಆ ಶಾಪವೆಂಬುದು ಅರಸನ ಅಪರಾಧವನ್ನು ಮುಚ್ಚಲು ಕವಿಯು ಹೊದಿಸಿದ ಶಾಲು” ಎಂದು ಮತ್ತೊಬ್ಬರು ಉತ್ತರ ಕೊಡುವರು. ನಾವು ಪಾಠ ಹೇಳುತ್ತಿದ್ದ ಕಾಲದಲ್ಲಿ ಈ ಪ್ರಶ್ನೆಯನ್ನು ವಿದ್ಯಾರ್ಥಿಗಳು ಕೇಳದ ವರ್ಷವೇ ಇರಲಿಲ್ಲ. ಕಾವ್ಯದ ಪಾತ್ರಗಳ ಗುಣದೋಷಗಳನ್ನು ನಿರ್ಣಯಿಸುವ ಬಗೆ ಹೇಗೆಂಬುದಕ್ಕೆ ಇದು ಒಳ್ಳೆಯ ನಿದರ್ಶನವಾದುದರಿಂದ, ಈ ತಿಂಗಳು ಇದನ್ನೇ ವಿಚಾರ ಮಾಡೋಣ.

ಮೊದಲು ಮೂಲಕಥೆಯನ್ನು ನೋಡತಕ್ಕುದು. ಮಹಾಭಾರತದ ಆದಿಪರ್ವದಲ್ಲಿ ಶಾಪವೂ ಇಲ್ಲ, ಉಂಗುರವೂ ಇಲ್ಲ. ಅಲ್ಲಿಯ ಶಕುಂತಲೆಯು ತನ್ನ ಮಗನಿಗೇ ಯೌವರಾಜ್ಯವೆಂಬ ಮಾತನ್ನು ಪಡೆದ ಬಳಿಕವೇ ಗಾಂಧರ್ವವಿವಾಹಕ್ಕೆ ಒಪ್ಪಿದವಳು. ಮಗನನ್ನು ಮುಂದಿಟ್ಟುಕೊಂಡು ರಾಜಸಭೆಗೆ ಬರುವಳು. ಅರಸನಿಗೆ ಎಲ್ಲವೂ ನೆನಪಿದೆ. ನೆನಪಿದ್ದರೂ ಅವಳನ್ನು ಅರಿಯೆನೆನ್ನುವನು. ಅಶರೀರವಾಣಿಯು ಸಾಕ್ಷಿ ನುಡಿದ ಮೇಲೆ, ಪ್ರಜೆಗಳು ಸಂಶಯಪಡಬಾರದೆಂದು ಹಾಗೆ ನಡೆದುಕೊಂಡೆನೆಂದು ಸಮಾಧಾನ ಹೇಳುವನು. ಈ ಎರಡು ಶಕುಂತಲೆಯರಿಗಿರುವ ಅಂತರವನ್ನು ಇತಿಹಾಸಕಾರರಾದ ರೊಮಿಲಾ ಥಾಪರರು 1999ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ವಿಸ್ತಾರವಾಗಿ ಪರಿಶೀಲಿಸಿದ್ದಾರೆ. ಬಲ್ಲೆನಾದರೂ ಒಲ್ಲೆನೆಂದ ಅರಸನನ್ನು ನಾಟಕದ ನಾಯಕನನ್ನಾಗಿ ಮಾಡುವುದು ಕಷ್ಟ. ಆದುದರಿಂದ ಕಾಳಿದಾಸನು ಶಾಪವನ್ನು ತಂದನೆಂಬುದು ದಿಟವೇ.

ಆದರೆ ಅರಸನನ್ನು ಪೂರ್ತಿಯಾಗಿ ಪಾರುಮಾಡುವುದೇ ಕವಿಯ ಉದ್ದೇಶವಾಗಿದ್ದ ಪಕ್ಷದಲ್ಲಿ, ಎರಡು ಸಂಗತಿಗಳನ್ನು ಅವನು ಬರೆಯುತ್ತಿರಲಿಲ್ಲ. ಎರಡನೆಯ ಅಂಕದ ಕೊನೆಯಲ್ಲಿ ದುಷ್ಯಂತನು ವಿದೂಷಕನನ್ನು ರಾಜಧಾನಿಗೆ ಕಳುಹಿಸುವಾಗ, ಆಶ್ರಮಕನ್ಯೆಯ ವಿಚಾರವಾಗಿ ತಾನು ಆಡಿದುದೆಲ್ಲ ಪರಿಹಾಸವೆಂದು ಹೇಳಿಬಿಡುವನು. ಅಂತಃಪುರದಲ್ಲಿ ಸುದ್ದಿ ಹರಡೀತೆಂಬ ಅಂಜಿಕೆ! ಮುಂದೆ ಅರಸನಿಗೆ ನೆನಪು ಮಾಡಿಕೊಡಬಹುದಾಗಿದ್ದ ಒಬ್ಬನೇ ಒಬ್ಬನ ಬಾಯಿಯನ್ನು ಹೀಗೆ ಕಟ್ಟಿದವನು ಅರಸನೇ ಹೊರತು ದುರ್ವಾಸರಲ್ಲ. ಆಗಿನ್ನೂ ಶಾಪವೇ ಹುಟ್ಟಿರಲಿಲ್ಲ. ಎರಡನೆಯದು, ಐದನೆಯ ಅಂಕದ ಆರಂಭದಲ್ಲಿ ತೆರೆಯ ಮರೆಯಿಂದ ಕೇಳಿಬರುವ ಹಂಸಪದಿಕೆಯ ಹಾಡು. ಒಮ್ಮೆ ಪ್ರೀತಿಸಿ ಬಿಟ್ಟುಬಿಟ್ಟೆನೆಂದು ಅವಳು ತನ್ನನ್ನು ಹಂಗಿಸುತ್ತಿರುವಳೆಂಬುದನ್ನು ಅರಸನು ತಾನೇ ಒಪ್ಪಿಕೊಂಡು, ಅವಳನ್ನು ಸಮಾಧಾನಪಡಿಸಲು ವಿದೂಷಕನನ್ನು ಅಟ್ಟುವನು. ಹಂಸಪದಿಕೆಯನ್ನು ಮರೆಸಲು ಯಾವ ಋಷಿಯೂ ಶಪಿಸಿರಲಿಲ್ಲ. ಈ ಹಾಡಿನ ಮಹತ್ವವನ್ನು ರವೀಂದ್ರನಾಥ ಠಾಕೂರರು ತಮ್ಮ ಶಾಕುಂತಲವಿಮರ್ಶೆಯಲ್ಲಿ ಚೆನ್ನಾಗಿ ಎತ್ತಿ ತೋರಿಸಿರುವರು. ಶಾಪದ ಬೀಜಕ್ಕೆ ನೆಲವು ಮೊದಲೇ ಹದವಾಗಿದ್ದಿತೆಂಬುದೇ ಇದರ ಭಾವ.

ಇಷ್ಟಾದರೂ ಪ್ರಶ್ನೆಯು ತೀರಲಿಲ್ಲ. ಇಲ್ಲಿ ವಾಚಕರು ಮತ್ತೊಂದು ಪ್ರಶ್ನೆಯನ್ನು ಹಾಕಿಕೊಳ್ಳಬೇಕೆಂದು ನಮ್ಮ ವಿಜ್ಞಾಪನೆ: ಈ ಶಾಪವು ಯಾರುಯಾರಿಗೆ ತಿಳಿದಿದ್ದಿತು? ಶಪಿಸಿದ ದುರ್ವಾಸರಿಗೆ ತಿಳಿದಿದ್ದಿತು. ಕೇಳಿಸಿಕೊಂಡ ಅನಸೂಯೆ ಪ್ರಿಯಂವದೆಯರಿಗೆ ತಿಳಿದಿದ್ದಿತು. ಅವರಾದರೋ ಗೆಳತಿಯ ಮನಸ್ಸು ನೊಂದೀತೆಂದು ಅದನ್ನು ತಮ್ಮಲ್ಲಿಯೇ ಇಟ್ಟುಕೊಂಡರು. ಅವಳು ಹೊರಡುವಾಗ, ಅರಸನು ಗುರುತಿಸದಿದ್ದರೆ ಉಂಗುರವನ್ನು ತೋರಿಸೆಂದು ಹೇಳಿದರೇ ವಿನಾ ಕಾರಣವನ್ನು ಹೇಳಲಿಲ್ಲ. ತಪೋಬಲದಿಂದ ಕಣ್ವರೂ ಮಾರೀಚರೂ ಅರಿತರು. ನಾಟಕವನ್ನು ನೋಡುವ ನಾವು ಅರಿತೆವು. ಅರಿಯದವರು ಇಬ್ಬರೇ ಮುಖ್ಯರು: ಮರೆತವನು ಮತ್ತು ಮರೆಯಲ್ಪಟ್ಟವಳು! ಆರನೆಯ ಅಂಕದಲ್ಲಿ ಮರೆಯಲ್ಲಿ ನಿಂತು ಅರಸನನ್ನು ನೋಡುವ ಅಪ್ಸರೆ ಸಾನುಮತಿಯೂ, ಇಷ್ಟು ಅನುರಾಗವುಳ್ಳವನಿಗೆ ಗುರುತಿನ ಉಂಗುರವೇಕೆ ಬೇಕಾಯಿತೆಂದು ಬೆರಗಾಗುವಳು.

ಇದನ್ನು ಮನಸ್ಸಿನಲ್ಲಿಟ್ಟು ಮುಂದಿನ ಭಾಗವನ್ನು ಓದಿದರೆ ಪಾತ್ರಗಳು ಬೇರೆಯಾಗಿಯೇ ತೋರುವುವು. ಮೀನಿನ ಹೊಟ್ಟೆಯಲ್ಲಿ ಬೆಸ್ತನಿಗೆ ದೊರೆತ ಉಂಗುರವನ್ನು ಕಂಡೊಡನೆ ದುಷ್ಯಂತನಿಗೆ ನೆನಪು ಬರುವುದು. ನೆಪ ಮಾತ್ರ ದೊರೆಯುವುದಿಲ್ಲ. ಏನೋ ಒಂದು ಮೋಹವು ಕವಿದಿತೆಂದಲ್ಲದೆ ಹೆಚ್ಚೇನನ್ನೂ ಅವನು ಹೇಳಲಾರನು. ವಸಂತೋತ್ಸವವನ್ನು ನಿಲ್ಲಿಸುವನು, ಅವಳ ಚಿತ್ರವನ್ನು ಬರೆದು ಅದರ ಮುಂದೆ ಕಣ್ಣೀರಿಡುವನು. ಶಾಪವೆಂಬ ಆಸರೆಯಿಲ್ಲದೆ ಪಶ್ಚಾತ್ತಾಪದಲ್ಲಿ ಬೆಂದನಾದುದರಿಂದಲೇ ಅವನು ಬದಲಾದನು. ಆಗಲೇ ಶಾಪದ ಸಂಗತಿಯು ತಿಳಿದುಹೋಗಿದ್ದರೆ ‘ನನ್ನದೇನು ತಪ್ಪು’ ಎಂದು ಅವನೂ ನಮ್ಮ ವಾದಿಗಳಂತೆ ಹೇಳಿ ಹಗುರಾಗುತ್ತಿದ್ದನೋ ಏನೋ!

ಶಕುಂತಲೆಯ ವಿಷಯವು ಇನ್ನೂ ಸೂಕ್ಷ್ಮವಾದುದು. ಏಳನೆಯ ಅಂಕದಲ್ಲಿ ಅರಸನು ಅವಳ ಕಾಲಿಗೆ ಬೀಳುವನು. ಅವಳು ಅವನನ್ನು ಏಳಿಸಿ, ತನ್ನ ಪೂರ್ವಕರ್ಮವು ಆಗ ಫಲಕ್ಕೆ ಬಂದಿರಬೇಕೆನ್ನುವಳು. ಅವನು ಅವಳ ಕಣ್ಣೀರನ್ನೊರಸುವನು. ಆಮೇಲೆ ಅವನು ಉಂಗುರವನ್ನು ಮರಳಿ ಕೊಡಲು ಬರುತ್ತಲೇ, ತನಗೆ ಇದರಲ್ಲಿ ನಂಬಿಕೆಯಿಲ್ಲ, ಆರ್ಯಪುತ್ರನೇ ಧರಿಸಲಿ ಎಂದುಬಿಡುವಳು. ಪತಿಯನ್ನು ಕ್ಷಮಿಸಿದವಳು ಉಂಗುರವನ್ನು ನಂಬಲೊಲ್ಲಳು! ನೊಂದ ಮನಸ್ಸಿನ ನಿಜವು ಈ ಸಣ್ಣ ಮಾತಿನಲ್ಲಿ ಅಡಗಿದೆ. ಇವೆಲ್ಲವೂ ಮುಗಿದ ತರುವಾಯವೇ ಮಾರೀಚರು ಶಾಪದ ವೃತ್ತಾಂತವನ್ನು ತಿಳಿಸುವುದು. ಆರ್ಯಪುತ್ರನು ಕಾರಣವಿಲ್ಲದೆ ತನ್ನನ್ನು ತೊರೆಯಲಿಲ್ಲವೆಂದು ಆಗ ಅವಳಿಗೆ ನೆಮ್ಮದಿಯಾಗುವುದು. ತಾನು ಅಪವಾದದಿಂದ ಬಿಡುಗಡೆ ಹೊಂದಿದೆನೆಂದು ಅರಸನು ನಿಟ್ಟುಸಿರು ಬಿಡುವನು. ಕ್ಷಮೆಯು ಮೊದಲು ಬಂದಿತು, ಕಾರಣವು ಆಮೇಲೆ ಬಂದಿತು. ಈ ಕ್ರಮದಲ್ಲಿಯೇ ನಾಟಕದ ತಿರುಳಿರುವುದೆಂದು ನಾವು ತಿಳಿಯುತ್ತೇವೆ. ಮಾರೀಚರ ಮಾತನ್ನು ಒಂದು ದೃಶ್ಯದಷ್ಟು ಹಿಂದಕ್ಕೆ ತಂದಿದ್ದರೆ, ಪಶ್ಚಾತ್ತಾಪವು ಲೆಕ್ಕ ತೀರಿಸುವುದಾಗಿಯೂ ಕ್ಷಮೆಯು ಬರಿಯ ತೀರ್ಪಾಗಿಯೂ ಇಳಿದುಹೋಗುತ್ತಿದ್ದುವು.

ಇಷ್ಟನ್ನು ಕೇಳಿ, “ಹಾಗಾದರೆ ಹೆಂಗಸರು ಏನಾದರೂ ಸಹಿಸಿಕೊಂಡು ಕ್ಷಮಿಸಬೇಕೆಂಬುದೇ ಕವಿಯ ಉಪದೇಶ” ಎಂದು ಯಾರಾದರೂ ಹೇಳಹೊರಟರೆ ಅದು ನಮಗೆ ಸಮ್ಮತವಲ್ಲ. ತುಂಬಿದ ಸಭೆಯಲ್ಲಿ ಅರಸನನ್ನು ಅನಾರ್ಯನೆಂದು ಕರೆದವಳು ಇದೇ ಶಕುಂತಲೆ. ಗಂಡನ ಮನೆಯಲ್ಲಿ ದಾಸ್ಯವಾದರೂ ಸರಿಯೆಂದು ಶಾರ್ಙ್ಗರವನು ಗದರಿಸಿ ಹೋದನು. ಕವಿಯು ಮಾತ್ರ ಅವಳನ್ನು ಆ ದಾಸ್ಯಕ್ಕೆ ಒಪ್ಪಿಸಲಿಲ್ಲ, ಜ್ಯೋತಿಯೊಂದನ್ನು ಕಳುಹಿಸಿ ಎತ್ತಿಕೊಂಡು ಹೋದನು. ಆ ಮೇಲೆ ಅವಳು ಹಸ್ತಿನಾವತಿಯ ಬಾಗಿಲಿಗೆ ಮತ್ತೆ ಬರಲಿಲ್ಲ. ಮಗನು ಸಿಂಹದ ಮರಿಯೊಡನೆ ಆಡುವಷ್ಟು ಬೆಳೆಯುವವರೆಗೆ ಮಾರೀಚಾಶ್ರಮದಲ್ಲಿ ವ್ರತಸ್ಥಳಾಗಿದ್ದಳು. ಅಲ್ಲಿಗೆ ಬಂದವನೂ ಬಾಗಿದವನೂ ದುಷ್ಯಂತನು. ಅಪರಾಧಿಯು ಬಾಗದೆ ಇರುವಲ್ಲಿ ಕ್ಷಮೆಯನ್ನು ಬೇಡುವುದಕ್ಕೆ ಈ ನಾಟಕವು ಆಧಾರವಾಗಲಾರದು.

ಸಂಸಾರದಲ್ಲಿಯೂ ಶಾಪಗಳುಂಟು. ಸಾಲದ ಚಿಂತೆ, ದೇಹದ ಬೇನೆ, ಅನ್ಯರ ಚಾಡಿಮಾತು—ಇವುಗಳಿಂದ ಬುದ್ಧಿ ಕವಿದು ಮನೆಯವರನ್ನೇ ಅರಿಯದವರಂತೆ ನಡೆದುಕೊಳ್ಳುವ ದಿನಗಳು ಯಾರಿಗೂ ತಪ್ಪಿದುವಲ್ಲ. ಕಾರಣವು ನಿಜವೇ ಆಗಿರಬಹುದು. ಆದರೆ ನೋಯಿಸಿದವನು ಅದನ್ನು ಮುಂದಿಟ್ಟುಕೊಂಡು ಬಂದರೆ ನೋವು ಆರದು. ಮೊದಲು ತಾನು ಬಾಗಬೇಕು, ಕಾರಣವನ್ನು ಹಿರಿಯರು ಯಾರಾದರೂ ಆಮೇಲೆ ಹೇಳಿದರೆ ಅದು ಸಮಾಧಾನವಾದೀತು.

ಸಂಸ್ಕೃತವನ್ನು ಬಲ್ಲವರು ಮೂಲದಲ್ಲಿಯೂ, ಉಳಿದವರು ಬಸವಪ್ಪಶಾಸ್ತ್ರಿಗಳ ಅಥವಾ ಎಸ್. ವಿ. ಪರಮೇಶ್ವರ ಭಟ್ಟರ ಕನ್ನಡದಲ್ಲಿಯೂ ಐದನೆಯ ಮತ್ತು ಏಳನೆಯ ಅಂಕಗಳನ್ನು ಒಟ್ಟಿಗೆ ಇಟ್ಟುಕೊಂಡು ಮನೆಯವರೆಲ್ಲ ಕೇಳುವಂತೆ ಓದಲಿ. ಪ್ರತಿಯೊಂದು ಮಾತಿನ ಬಳಿಯೂ, ಆಡುವವರಿಗೆ ಆಗ ಏನು ತಿಳಿದಿದೆ, ಏನು ತಿಳಿದಿಲ್ಲ ಎಂದು ವಿಚಾರಿಸಲಿ. ತೀರ್ಪನ್ನು ಅನಂತರ ಕೊಟ್ಟರಾಯಿತು.